ಬೋಟ್ ಕೊಟ್ಟು ಹಳೆ ಜೆಟ್ ಸ್ಕೀ ತಗೊಳ್ಳಬಹುದಾ?

ಓದುಗರ ಪ್ರಶ್ನೆ: "ಸರ್, ಹೊನ್ನಾವರದ ಹತ್ತಿರ ಶರಾವತಿ ದಂಡೆಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಗೆಸ್ಟ್‌ಗಳನ್ನು ಹೊಳೆ ಸುತ್ತಿಸೋಕೆ ಫೈಬರ್ ಬೋಟ್, ಅದಕ್ಕೆ 25 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಗೋವಾದ ಒಬ್ಬರು ಎಕ್ಸ್‌ಚೇಂಜ್ ಕೇಳ್ತಿದ್ದಾರೆ. ಅವರ 2011ರ ಯಮಹಾ ವಿಎಕ್ಸ್ ಡಿಲಕ್ಸ್ ಜೆಟ್ ಸ್ಕೀ (ನೀರಿನ ಮೇಲೆ ಬೈಕ್ ತರ ಓಡಿಸೋ ಗಾಡಿ) ನಮಗೆ. ನಮ್ಮ ಬೋಟ್, ಎಂಜಿನ್, ಮೇಲೆ 60 ಸಾವಿರ ಅವರಿಗೆ. ಸ್ಪೇರ್ಸ್‌ಗೆ ಇರಲಿ ಅಂತ ಒಂದು ಹಳೆ ಟೂ-ಸ್ಟ್ರೋಕ್ ಸೀ-ಡೂ ಜೆಟ್ ಸ್ಕೀನೂ ಫ್ರೀ ಕೊಡ್ತಾರಂತೆ. ಹೋಗಿ ನೋಡಿಕೊಂಡು ಬಂದೆ. ಟ್ರೇಲರ್ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ನೀರಿಗೆ ಇಳಿಸಿದರೆ ಎಂಜಿನ್ ಕಿರುಚುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ, ಗಂಟೆಗೆ 30 ಕಿಲೋಮೀಟರ್ ಸ್ಪೀಡ್ ಕೂಡ ದಾಟಲಿಲ್ಲ. 'ಬರೀ ಇಂಪೆಲ್ಲರ್, ಸಣ್ಣ ಕೆಲಸ' ಅಂದರು. ಮೀಟರ್‌ನಲ್ಲಿ 180 ಗಂಟೆ ಇದೆ, ಜಾಸ್ತಿ ಹೊಳೆಯಲ್ಲೇ ಓಡಿದ್ದು, ಸಮುದ್ರ ಕಂಡಿದ್ದು ಕಡಿಮೆ ಅಂತಾರೆ. ನನ್ನ ಚಿಕ್ಕಪ್ಪನ ಮಗ ಬೈಕ್ ಮೆಕ್ಯಾನಿಕ್, ಇದೂ ಬೈಕ್ ಎಂಜಿನ್ ತರಾನೇ, ನಾನು ಮಾಡಿಕೊಡ್ತೀನಿ ಅಂತಾನೆ. ಈ ವ್ಯವಹಾರ ಮಾಡಬಹುದಾ?"

ಉತ್ತರ:

ನೀವು ಕೇಳಿರುವುದು ಒಂದೇ ಪ್ರಶ್ನೆ ತರ ಕಾಣುತ್ತದೆ, ಆದರೆ ಅದರಲ್ಲಿ ಎರಡು ಇವೆ. ಆ ಜೆಟ್ ಸ್ಕೀ ರಿಪೇರಿ ಆಗುತ್ತದಾ ಅನ್ನುವುದು ಒಂದು. ಈ ಎಕ್ಸ್‌ಚೇಂಜ್ ನಿಮಗೆ ಲಾಭವಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಬಹುಶಃ ಹೌದು. ಎರಡನೆಯದಕ್ಕೆ, ಅವರು ಹೇಳಿದ ರೀತಿಯಲ್ಲಾದರೆ, ಬೇಡ. ನೀವು ಬರೆದಿರುವುದರಲ್ಲಿ "ಎಂಜಿನ್ ಕಿರುಚುತ್ತೆ, ಗಾಡಿ ಹೋಗಲ್ಲ" ಅನ್ನುವುದು ನನಗೆ ಅಷ್ಟು ಭಯ ಹುಟ್ಟಿಸಲಿಲ್ಲ. ಉಳಿದ ಮಾತುಗಳೇ ಹುಟ್ಟಿಸಿದವು.

ವ್ಯವಹಾರದಿಂದ ಶುರು ಮಾಡುತ್ತೇನೆ. ಅದಲು ಬದಲಿನಲ್ಲಿ ಒಂದು ತೊಂದರೆ ಇದೆ, ಯಾವ ಕಡೆಯೂ ಬೆಲೆ ಕಾಣುವುದಿಲ್ಲ. ಮೂರು ಲಕ್ಷ ಕ್ಯಾಶ್ ಎಣಿಸಿ ಕೊಡಬೇಕಾದರೆ ನಾವು ಹತ್ತು ಸಲ ನೋಡುತ್ತೇವೆ, ಮೆಕ್ಯಾನಿಕ್ ಕರೆದುಕೊಂಡು ಹೋಗುತ್ತೇವೆ, ಚೌಕಾಸಿ ಮಾಡುತ್ತೇವೆ. "ನಿನ್ನದು ನನಗೆ, ನನ್ನದು ನಿನಗೆ" ಅಂದಾಗ ಅದೆಲ್ಲ ಮರೆತುಹೋಗುತ್ತದೆ. ಹಾಗಾಗಿ ಒಂದು ಕಾಗದ ತಗೊಳ್ಳಿ. ಒಂದು ಕಡೆ, ನಿಮ್ಮ ಬೋಟ್ ಮತ್ತು ಎಂಜಿನ್ ನಾಳೆ ಬೆಳಿಗ್ಗೆ ಹೊನ್ನಾವರ, ತದಡಿ ಅಥವಾ ಭಟ್ಕಳದ ಬಂದರಿನಲ್ಲಿ ಕ್ಯಾಶ್‌ಗೆ ಎಷ್ಟಕ್ಕೆ ಹೋಗುತ್ತದೆ ಅಂತ ಇಬ್ಬರು ಮೂವರನ್ನು ಕೇಳಿ ಬರೆಯಿರಿ. ಇನ್ನೊಂದು ಕಡೆ, ಆ ಜೆಟ್ ಸ್ಕೀ ಈಗ ಹೇಗಿದೆಯೋ ಹಾಗೇ, ಓಡದ ಸ್ಥಿತಿಯಲ್ಲಿ, ಕ್ಯಾಶ್ ಕೊಟ್ಟು ಯಾರಾದರೂ ತಗೊಳ್ಳುವುದಾದರೆ ಎಷ್ಟಕ್ಕೆ ತಗೊಳ್ಳುತ್ತಾರೆ ಅಂತ ಬರೆಯಿರಿ. ಚೆನ್ನಾಗಿರುವ 2011ರ ವಿಎಕ್ಸ್‌ನ ಬೆಲೆ ಬರೆಯಬೇಡಿ, ಈ ಗಾಡಿಯ ಬೆಲೆ ಬರೆಯಿರಿ. ಆಮೇಲೆ ನಿಮ್ಮ ಕಡೆಗೆ ಆ 60 ಸಾವಿರ ಸೇರಿಸಿ. ಎರಡು ಸಂಖ್ಯೆ ಪಕ್ಕಪಕ್ಕ ಬಂದ ಮೇಲೆ ನನ್ನ ಸಲಹೆ ನಿಮಗೆ ಬೇಕಾಗಲಿಕ್ಕಿಲ್ಲ.

ಅವರು ಪೂರ್ತಿ ಕ್ಯಾಶ್ ಕೇಳದೆ ನಿಮ್ಮ ಬೋಟೇ ಯಾಕೆ ಕೇಳುತ್ತಿದ್ದಾರೆ? ನಡೆಯುವ 25 ಎಚ್‌ಪಿ ಔಟ್‌ಬೋರ್ಡ್‌ಗೆ ಕರಾವಳಿಯಲ್ಲಿ ಯಾವ ಬಂದರಿಗೆ ಹೋದರೂ ಗಿರಾಕಿ ಸಿಗುತ್ತಾನೆ. ಬಿಡಿಭಾಗ ಸಿಗುತ್ತದೆ, ರಿಪೇರಿ ಮಾಡುವವರು ಊರಿಗೊಬ್ಬರಿದ್ದಾರೆ. ನೀರಿನಲ್ಲಿ ಓಡದ ಜೆಟ್ ಸ್ಕೀಗೆ ಗಿರಾಕಿ ಹುಡುಕುವುದು ಕಷ್ಟ. ಅವರು ಮಾರಾಟವಾಗದ್ದನ್ನು ಕೊಟ್ಟು ಮಾರಾಟವಾಗುವುದನ್ನು ತಗೊಳ್ಳುತ್ತಿದ್ದಾರೆ. ಇದರಲ್ಲಿ ಮೋಸ ಇದೆ ಅಂತ ನಾನು ಹೇಳುತ್ತಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ. ಆದರೆ ನಿಮ್ಮ ಬೋಟ್ ಗೆಸ್ಟ್‌ಗಳನ್ನು ಸುತ್ತಿಸಿ ದುಡ್ಡು ತರುತ್ತಿದೆ. ಹಾಲು ಕೊಡುವ ಎಮ್ಮೆ ಕೊಟ್ಟು ಕುಂಟುವ ಕುದುರೆ ತಂದಂತೆ ಆಗಬಾರದು.

ಆ ಫ್ರೀ ಸೀ-ಡೂ ವಿಷಯ. ಸ್ಪೇರ್ಸ್‌ಗೆ ಅಂತ ಹೇಳಿದ್ದು ಓದಿ ನಗು ಬಂತು, ಬೇಜಾರಾಗಬೇಡಿ. ಸೀ-ಡೂ ಕೆನಡಾದ ಬಿಆರ್‌ಪಿ ಕಂಪನಿಯದು, ಅದರಲ್ಲಿರುವುದು ರೋಟ್ಯಾಕ್ಸ್ ಎಂಜಿನ್. ನಿಮಗೆ ಕೊಡುತ್ತಿರುವುದು ಯಮಹಾ, ಅದೂ ಫೋರ್-ಸ್ಟ್ರೋಕ್. ಪಿಸ್ಟನ್, ಪಂಪ್, ಇಂಪೆಲ್ಲರ್, ಶಾಫ್ಟ್, ಎಲೆಕ್ಟ್ರಾನಿಕ್ಸ್, ಯಾವುದೂ ಇದರದು ಅದಕ್ಕೆ ಕೂರುವುದಿಲ್ಲ. ಹೆಚ್ಚೆಂದರೆ ಬ್ಯಾಟರಿ, ಹಗ್ಗ, ಒಂದೆರಡು ಕ್ಲಿಪ್ ಉಪಯೋಗಕ್ಕೆ ಬಂದೀತು. ಅದನ್ನೇ ಓಡಿಸೋಣ ಅಂದರೆ ಅದು ಬೇರೆಯದೇ ಕತೆ. ಕಾರ್ಬ್ಯುರೇಟರ್ ಇರುವ ಹಳೆ ಸೀ-ಡೂಗಳಲ್ಲಿ ಕಂಪನಿಯಿಂದ ಬಂದ ಬೂದು ಬಣ್ಣದ ಪೆಟ್ರೋಲ್ ಪೈಪ್‌ಗಳಿರುತ್ತಿದ್ದವು. ವರ್ಷ ಕಳೆದಂತೆ ಅವು ಒಳಗಿನಿಂದ ಕರಗಿ ಹಸಿರು ಅಂಟಾಗಿ ಕಾರ್ಬ್ಯುರೇಟರ್‌ನ ಸಣ್ಣ ಫಿಲ್ಟರ್‌ನಲ್ಲಿ ಕೂರುತ್ತವೆ. ಆಗ ಪೆಟ್ರೋಲ್ ಕಡಿಮೆಯಾಗುತ್ತದೆ, ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಜಾಸ್ತಿಯಾಗುತ್ತದೆ, ಪಿಸ್ಟನ್ ಸುಡುತ್ತದೆ. ಪೈಪ್ ಬದಲಿಸದೆ ಬರೀ ಪಿಸ್ಟನ್ ಬದಲಿಸಿದರೆ ಹೊಸದೂ ಸುಡುತ್ತದೆ. ಆ ಕಾಲದ 717, 787 ಸಿಸಿ ಎಂಜಿನ್‌ಗಳಲ್ಲಿ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) 150 ಪಿಎಸ್‌ಐ ಆಸುಪಾಸು ಇರಬೇಕು, ಎರಡೂ ಸಿಲಿಂಡರ್‌ನಲ್ಲಿ ಹೆಚ್ಚುಕಡಿಮೆ ಒಂದೇ ಇರಬೇಕು. ಇನ್ನೊಂದು, ಆ ಗಾಡಿಗಳಿಗೆ ಕೋಡ್ ಇರುವ ಟೋಪಿಯಂತಹ ಕೀ ಬರುತ್ತದೆ. ಅದು ಕಳೆದಿದ್ದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಹೊಸ ಕೀಗೆ ಕೋಡ್ ಹಾಕಲು ಡೀಲರ್‌ನ ಉಪಕರಣ ಬೇಕು. "ಫ್ರೀ" ಅಂದಿದ್ದರ ಬೆಲೆಯನ್ನು ನಿಮ್ಮ ಕಾಗದದಲ್ಲಿ ಸೊನ್ನೆ ಅಂತಲೇ ಬರೆದುಕೊಳ್ಳಿ.

ಈಗ ಆ ಯಮಹಾ. ಜೆಟ್ ಸ್ಕೀಗೆ ಹೊರಗೆ ಪ್ರೊಪೆಲ್ಲರ್ ಇರುವುದಿಲ್ಲ, ಗೊತ್ತಲ್ವಾ. ಅಡಿಯಲ್ಲಿ ಜಾಲರಿ ಇರುವ ಒಂದು ಬಾಯಿ, ಅಲ್ಲಿಂದ ನೀರು ಒಳಗೆ ಬರುತ್ತದೆ, ಕೊಳವೆಯೊಳಗೆ ಫ್ಯಾನ್ ತರದ ಇಂಪೆಲ್ಲರ್ ತಿರುಗಿ ಅದನ್ನು ಹಿಂದಕ್ಕೆ ರಭಸದಿಂದ ತಳ್ಳುತ್ತದೆ. ಈ ಪಂಪ್‌ಗೆ ಗಾಳಿ ಬೆರೆಯದ ನೀರೇ ಬೇಕು. ನೀರಿನ ಜೊತೆ ಗಾಳಿ ಸೇರಿದರೆ, ಅಥವಾ ಇಂಪೆಲ್ಲರ್ ಮತ್ತು ಸುತ್ತಲಿನ ಗೋಡೆಯ ನಡುವೆ ಸಂದು ಜಾಸ್ತಿಯಾದರೆ, ಇಂಪೆಲ್ಲರ್ ಹಿಡಿತ ತಪ್ಪಿ ಸುಮ್ನೆ ಸುತ್ತುತ್ತದೆ. ಎಂಜಿನ್‌ಗೆ ಭಾರ ಸಿಗದೆ ಆರ್‌ಪಿಎಂ ಏರುತ್ತದೆ, ಗಾಡಿ ನಿಂತಲ್ಲೇ ಒದ್ದಾಡುತ್ತದೆ. ನೀವು ನೋಡಿದ್ದು ಇದನ್ನೇ. ಒಂದು ರೀತಿಯಲ್ಲಿ ಇದು ಒಳ್ಳೆಯ ಸುದ್ದಿ, ಎಂಜಿನ್ ಪೂರ್ತಿ ಕೆಟ್ಟಿದ್ದರೆ ಆರ್‌ಪಿಎಂ ಅಷ್ಟು ಏರುತ್ತಲೇ ಇರಲಿಲ್ಲ.

"ಬರೀ ಇಂಪೆಲ್ಲರ್" ಅಂದಿದ್ದು ನಿಜ ಇರಬಹುದು, ಅದಕ್ಕಿಂತ ಸಣ್ಣದೂ ಇರಬಹುದು, ದೊಡ್ಡದೂ ಇರಬಹುದು. ನಮ್ಮ ಕರಾವಳಿಯಲ್ಲಿ ನಾನು ಮೊದಲು ಹುಡುಕುವುದು ಬಲೆ ತುಂಡು. ಮೀನುಗಾರರ ಹರಿದ ನೈಲಾನ್ ಬಲೆ, ಹಗ್ಗ, ಪ್ಲಾಸ್ಟಿಕ್ ಚೀಲ, ಇವು ಜಾಲರಿ ದಾಟಿ ಶಾಫ್ಟ್‌ಗೆ ಸುತ್ತಿಕೊಳ್ಳುತ್ತವೆ. ಟ್ರೇಲರ್ ಮೇಲೆ ಹಾಕಿ, ಎಂಜಿನ್ ಬಂದ್ ಮಾಡಿ, ಕೈಗೆ ಕಟ್ಟುವ ಕಿಲ್ ಸ್ವಿಚ್ ಹಗ್ಗವನ್ನು ಕಿತ್ತು ಜೇಬಿಗೆ ಹಾಕಿಕೊಂಡು ಆಮೇಲೆ ಟಾರ್ಚ್ ಹಿಡಿದು ಅಡಿಯಿಂದ ನೋಡಿ. ಎಂಜಿನ್ ನಡೆಯುತ್ತಿರುವಾಗ ಆ ಬಾಯಿಯ ಹತ್ತಿರ ಯಾರೂ ಕೈ ತರಬಾರದು, ಉದ್ದ ಕೂದಲು, ಲುಂಗಿ, ಶಾಲು ಏನೂ ಇರಬಾರದು. ಬಲೆ ಸಿಕ್ಕಿದರೆ ಚಾಕುವಿನಿಂದ ಕತ್ತರಿಸಿದರೆ ಮುಗಿಯಿತು. ಆದರೆ ಅನುಭವ ಇರುವ ಮಾರಾಟಗಾರ ಅದನ್ನು ಆಗಲೇ ನೋಡಿರುತ್ತಾನೆ ಅನ್ನುವುದನ್ನೂ ಮರೆಯಬೇಡಿ.

ಬಲೆ ಇಲ್ಲದಿದ್ದರೆ ಇಂಪೆಲ್ಲರ್‌ನ ಅಂಚು ನೋಡಿ. ಮುಂದಿನ ಅಂಚು ಚೂಪಾಗಿ, ನುಣುಪಾಗಿ ಇರಬೇಕು. ಕಲ್ಲು ಹೊಡೆದು ಮಡಚಿದ್ದರೆ ಬೆರಳಿಗೆ ಗೊತ್ತಾಗುತ್ತದೆ. ಬೀಚ್‌ನಲ್ಲಿ ಬಾಡಿಗೆಗೆ ಓಡಿದ ಗಾಡಿಗಳಲ್ಲಿ ಕಲ್ಲಿಗಿಂತ ಮರಳಿನ ಕಾಟ ಜಾಸ್ತಿ. ಮೊಣಕಾಲುದ್ದ ನೀರಿನಲ್ಲಿ ಗಿರಾಕಿ ಹತ್ತಿಸಿಕೊಂಡು ಅಲ್ಲೇ ಆಕ್ಸಲರೇಟರ್ ಕೊಡುತ್ತಾರೆ, ಪಂಪ್ ನೀರಿನ ಜೊತೆ ಮರಳು ಎಳೆಯುತ್ತದೆ, ಇಂಪೆಲ್ಲರ್ ತುದಿಯೂ ಸುತ್ತಲಿನ ಗೋಡೆಯೂ ಸವೆಯುತ್ತವೆ. ಗಾಡಿಯ ಅಡಿಯಿಂದ ನೆಲಕ್ಕೆ ಕನಿಷ್ಠ 60 ಸೆಂಟಿಮೀಟರ್ ನೀರು ಇರಬೇಕು ಅಂತ ಯಮಹಾ ಹೇಳುತ್ತದೆ. ಬಾಡಿಗೆ ಬೀಚ್‌ನಲ್ಲಿ ಅದನ್ನು ಯಾರು ಅಳೆಯುತ್ತಾರೆ? ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಾಕಿ ಇಂಪೆಲ್ಲರ್ ತುದಿಗೂ ಗೋಡೆಗೂ ನಡುವಿನ ಸಂದು ಅಳೆಯಿರಿ. ಅರ್ಧ ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. ಒಂದು ಮಿಲಿಮೀಟರ್ ಹತ್ತಿರ ಬಂದಿದ್ದರೆ ಬರೀ ಇಂಪೆಲ್ಲರ್ ಬದಲಿಸಿ ಪ್ರಯೋಜನ ಆಗದಿರಬಹುದು, ಗೋಡೆ ಸವೆದಿದ್ದರೆ ಪಂಪ್ ಹೌಸಿಂಗ್ ಕೂಡ ಬೇಕಾಗುತ್ತದೆ. ಬೆಲೆ ಏರುವುದು ಅಲ್ಲಿ.

ಇನ್ನೊಂದು ಕಾರಣ ಇದೆ, ಅದನ್ನು ತುಂಬಾ ಜನ ತಪ್ಪಿಸಿಕೊಳ್ಳುತ್ತಾರೆ. ಈ ಮುಂಚೆ ಯಾರೋ ಪಂಪ್ ಬಿಚ್ಚಿ ವಾಪಸ್ ಕೂರಿಸುವಾಗ ಹಲ್‌ಗೂ (ಗಾಡಿಯ ಹೊರಮೈ) ಪಂಪ್‌ಗೂ ನಡುವಿನ ಸೀಲ್ ಅಥವಾ ಸೀಲಂಟ್ ಸರಿಯಾಗಿ ಹಾಕಿರುವುದಿಲ್ಲ. ಆ ಸಂದಿಯಿಂದ ಗಾಳಿ ಎಳೆಯುತ್ತದೆ, ಲಕ್ಷಣ ಮಾತ್ರ ಸವೆದ ಇಂಪೆಲ್ಲರ್‌ದೇ. ಹೊಸ ಇಂಪೆಲ್ಲರ್ ಹಾಕಿದ ಮೇಲೂ ಗಾಡಿ ಓಡದೆ ತಲೆ ಕೆರೆದುಕೊಳ್ಳುವವರನ್ನು ನಮ್ಮ ವರ್ಕ್‌ಶಾಪ್‌ನಲ್ಲಿ ಆಗಾಗ ನೋಡುತ್ತೇನೆ. ಮತ್ತೆ, ಎಂಜಿನ್‌ನಿಂದ ಪಂಪ್‌ಗೆ ಹೋಗುವ ಶಾಫ್ಟ್‌ನ ಹಲ್ಲುಗಳು ಸವೆದಿದ್ದರೂ ಎಂಜಿನ್ ಹೀಗೇ ಕಿರುಚುತ್ತದೆ, ಆದರೆ ಹಲ್ಲು ಪೂರ್ತಿ ಹೋಗಿದ್ದರೆ ಗಾಡಿ ನಿಮ್ಮನ್ನು 30ರವರೆಗೂ ಒಯ್ಯುತ್ತಿರಲಿಲ್ಲ.

ಡಿಲಕ್ಸ್ ಅಂದಿರಿ ಅಲ್ವಾ, ಅದಕ್ಕೊಂದು ಸಣ್ಣ ರಿಮೋಟ್ ಬರುತ್ತದೆ. ಗಾಡಿ ಲಾಕ್ ಮಾಡುವುದು, ಹೊಸಬರಿಗೆ ಕೊಡುವಾಗ ಆರ್‌ಪಿಎಂ ಕಡಿಮೆಗೆ ಕಟ್ಟಿಹಾಕುವುದು ಎರಡೂ ಅದರಲ್ಲೇ. ನಿಮ್ಮ ತೊಂದರೆ ಅದಲ್ಲ, ಅದಾಗಿದ್ದರೆ ಎಂಜಿನ್ ಕಿರುಚುತ್ತಿರಲಿಲ್ಲ. ಆದರೆ ರಿಮೋಟ್ ಕೈಗೆ ಬರದೆ ಗಾಡಿ ಮನೆಗೆ ತರಬೇಡಿ. ಲಾಕ್ ಆಗಿಬಿಟ್ಟರೆ ಅಂಗಳದಲ್ಲಿ ಕೂತಿರುತ್ತದೆ.

ಪಂಪ್ ಕತೆ ಇಷ್ಟು. ಅದು ಹತ್ತಾರು ಸಾವಿರದ ಮಾತು, ಭಾಗ ಹೊರಗಿನಿಂದ ಬರಬೇಕಾದರೆ ಕೆಲವು ವಾರ ಕಾಯಬೇಕು. ಎಂಜಿನ್ ಮಾತು ಹಾಗಲ್ಲ, ಅಲ್ಲಿ ಕೈ ಇಟ್ಟರೆ ಲಕ್ಷದ ಲೆಕ್ಕ. ಒಂದೇ ಸಲಕ್ಕೆ ಸ್ಟಾರ್ಟ್, 180 ಗಂಟೆ, ಹೊಳೆಯಲ್ಲಿ ಓಡಿದ ಗಾಡಿ ಅಂತ ನೀವು ಬರೆದ ಒಳ್ಳೆಯ ಮಾತುಗಳನ್ನು ನಾನು ಅನುಮಾನದಿಂದ ನೋಡುವುದು ಇದಕ್ಕೇ.

ಟ್ರೇಲರ್ ಮೇಲೆ ಸ್ಟಾರ್ಟ್ ಆಯಿತು ಅನ್ನುವುದರಿಂದ ಬ್ಯಾಟರಿ, ಸ್ಟಾರ್ಟರ್ ಮೋಟರ್, ಪೆಟ್ರೋಲ್ ಪಂಪ್ ನಡೆಯುತ್ತಿವೆ ಅಂತ ಗೊತ್ತಾಗುತ್ತದೆ, ಅಷ್ಟೇ. ಭಾರ ಇಲ್ಲದೆ ಎಂತಹ ಎಂಜಿನ್ ಕೂಡ ಚೆನ್ನಾಗಿ ಕೇಳಿಸುತ್ತದೆ. ಮುಂದಿನ ಸಲ ಹೋದಾಗ ಸ್ಟಾರ್ಟ್ ಮಾಡುವ ಮುಂಚೆ ಸೀಟ್ ಎತ್ತಿ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಒಮ್ಮೆ ಓಡಿಸಿ ಇಟ್ಟಿದ್ದಾರೆ. ತಣ್ಣಗಿನ ಸ್ಟಾರ್ಟ್ ನೋಡಬೇಕು. ಸೀಟ್ ಎತ್ತಿ ಒಂದೆರಡು ನಿಮಿಷ ಬಿಟ್ಟು ಸ್ಟಾರ್ಟ್ ಮಾಡುವುದನ್ನು ಹೇಗೂ ಅಭ್ಯಾಸ ಮಾಡಿಕೊಳ್ಳಿ, ಮುಚ್ಚಿದ ಹೊಟ್ಟೆಯೊಳಗೆ ಪೆಟ್ರೋಲ್ ಆವಿ ಕೂತಿದ್ದರೆ ಒಂದು ಕಿಡಿ ಸಾಕು.

180 ಗಂಟೆ. ಮನೆಯವರು ಭಾನುವಾರ ಓಡಿಸಿದ 180 ಗಂಟೆ ಬೇರೆ, ಬೀಚ್‌ನಲ್ಲಿ ಐದೈದು ನಿಮಿಷಕ್ಕೊಬ್ಬರು ಹತ್ತಿ ಫುಲ್ ಆಕ್ಸಲರೇಟರ್ ಕೊಟ್ಟ 180 ಗಂಟೆ ಬೇರೆ. ಮೀಟರ್ ಬದಲಾಗಿರಲೂಬಹುದು. ಯಮಹಾದ ಡಯಾಗ್ನಾಸ್ಟಿಕ್ ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪ್ ಹಾಕಿದರೆ ಒಟ್ಟು ಗಂಟೆ ಮಾತ್ರ ಅಲ್ಲ, ಯಾವ ಆರ್‌ಪಿಎಂನಲ್ಲಿ ಎಷ್ಟು ಹೊತ್ತು ಓಡಿದೆ ಅನ್ನುವುದೂ ಬರುತ್ತದೆ. ಅದು ಸಿಗದಿದ್ದರೆ ಕಣ್ಣಿಂದಲೇ ನೋಡಿ. ಹ್ಯಾಂಡಲ್ ಗ್ರಿಪ್ ನುಣ್ಣಗಾಗಿದೆಯಾ, ಕಾಲಿಡುವ ಮ್ಯಾಟ್ ಸವೆದಿದೆಯಾ, ಹಲ್‌ನ ಅಡಿಯಲ್ಲಿ ಮರಳಿಗೆ ಎಳೆದ ಗೀರು ಎಷ್ಟಿದೆ. 180 ಗಂಟೆಯ ಗಾಡಿಗೆ ಪಂಪ್ ಇಷ್ಟು ಸವೆಯುವುದು ಅಪರೂಪ, ಹಾಗಾಗಿ ನಿಮ್ಮ ಟಾರ್ಚ್‌ಗೆ ಬಲೆ ತುಂಡು ಕಾಣದೆ ಸವೆತ ಕಂಡರೆ ಮೀಟರ್ ನಂಬಬೇಡಿ.

ಹೊಳೆಯಲ್ಲಿ ಓಡಿದ್ದು ಅನ್ನುವ ಮಾತಿಗೆ ಬಂದರೆ, ಹೊಳೆ ಅಂದ ಮಾತ್ರಕ್ಕೆ ಸಿಹಿನೀರಲ್ಲ, ನೀವು ದಂಡೆಯಲ್ಲೇ ಇರುವವರು, ನಿಮಗೇ ಗೊತ್ತಿದೆ. ಶರಾವತಿಗೆ ಗೇರುಸೊಪ್ಪೆ ಕಡೆಯಿಂದ ವಿದ್ಯುತ್ ಘಟಕದ ನೀರು ಬೇಸಿಗೆಯಲ್ಲೂ ಬರುತ್ತಿರುವುದರಿಂದ ಅಘನಾಶಿನಿಗಿಂತ ಉಪ್ಪು ಕಡಿಮೆ, ನಿಜ. ಆದರೂ ಅಳಿವೆಯ ಹತ್ತಿರ ಉಬ್ಬರಕ್ಕೆ ಉಪ್ಪು ನುಗ್ಗುತ್ತದೆ. ಗೋವಾದ ಮಾಂಡೋವಿ, ಜುವಾರಿಯಲ್ಲಿ ಜಲಕ್ರೀಡೆ ನಡೆಯುವ ಜಾಗಗಳು ಹೆಚ್ಚಾಗಿ ಸಮುದ್ರದ ಹತ್ತಿರವೇ ಇವೆ. ಅಲ್ಲಿ "ಹೊಳೆ" ಅಂದರೂ ಉಪ್ಪೇ.

ಉಪ್ಪಿಗೆ ನಾನು ಇಷ್ಟು ಹೆದರುವುದು ಯಾಕೆಂದರೆ, ಈ ಯಮಹಾದಲ್ಲಿ ಕಾರಿನಂತೆ ರೇಡಿಯೇಟರ್, ಕೂಲಂಟ್ ಇಲ್ಲ. ಪಂಪ್ ಎಳೆದ ನೀರಿನಲ್ಲೇ ಸ್ವಲ್ಪ ಭಾಗ ಎಂಜಿನ್ ಸುತ್ತ, ಎಗ್ಸಾಸ್ಟ್ ಸುತ್ತ ಹರಿದು ತಂಪು ಮಾಡಿ ಹೊರಗೆ ಹೋಗುತ್ತದೆ. ಸೀ-ಡೂದ ಫೋರ್-ಸ್ಟ್ರೋಕ್‌ಗಳಲ್ಲಿ ಎಂಜಿನ್ ಬ್ಲಾಕ್‌ಗೆ ಬೇರೆ ಕೂಲಂಟ್ ಇದೆ. ಯಮಹಾದಲ್ಲಿ ಸಮುದ್ರದ ನೀರು ನೇರವಾಗಿ ಅಲ್ಯೂಮಿನಿಯಂ ಒಳಗೆ ಓಡಾಡುತ್ತದೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದಿದ್ದರೆ ವರ್ಷಗಟ್ಟಲೆ ಬಾಳುತ್ತದೆ, ಈ ಎಂಜಿನ್ ಗಟ್ಟಿ ಅಂತ ಹೆಸರು ಮಾಡಿರುವುದು ಸುಮ್ನೆ ಅಲ್ಲ. ತೊಳೆಯದಿದ್ದರೆ ಒಳದಾರಿಗಳಲ್ಲಿ ಉಪ್ಪು ಗಟ್ಟಿಯಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಎಗ್ಸಾಸ್ಟ್ ಒಳಗಿನಿಂದ ತಿಂದುಹೋಗಿ ನೀರು ಸಿಲಿಂಡರ್‌ಗೆ ಇಳಿಯುತ್ತದೆ. ಹೊರಗೆ ಪಾಲಿಶ್ ಹೊಡೆದರೆ ಇದು ಯಾವುದೂ ಕಾಣುವುದಿಲ್ಲ.

ಹಾಗಾಗಿ ನಿಮ್ಮ ಚಿಕ್ಕಪ್ಪನ ಮಗ, ಆ ಬೈಕ್ ಮೆಕ್ಯಾನಿಕ್ ತಮ್ಮನನ್ನು ಕರೆದುಕೊಂಡು ಹೋಗಿ, ಅವನು ತುಂಬಾ ಉಪಯೋಗಕ್ಕೆ ಬರುತ್ತಾನೆ. ಅವನು ಹೇಳಿದ್ದರಲ್ಲಿ ಅರ್ಧ ಸರಿ. 1052 ಸಿಸಿ, ನಾಲ್ಕು ಸಿಲಿಂಡರ್, 110 ಎಚ್‌ಪಿ, ಒಳಗೆ ನೋಡಿದರೆ ದೊಡ್ಡ ಬೈಕ್ ಎಂಜಿನ್ನೇ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಕಂಪ್ರೆಷನ್ ಅಳೆಯಲಿ. ನಾಲ್ಕರಲ್ಲಿ ಒಂದಕ್ಕೊಂದು ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅಲ್ಲಿಗೇ ನಿಲ್ಲಿಸಿ. ಪ್ಲಗ್ ತುದಿಯಲ್ಲಿ ತುಕ್ಕು ಇದ್ದರೆ ಸಿಲಿಂಡರ್ ನೀರು ಕಂಡಿದೆ. ಆಯಿಲ್ ಬೆಳ್ಳಗೆ ನೊರೆಯಾಗಿದ್ದರೆ ನೀರು ಬೆರೆತಿದೆ. ಆಗತಾನೇ ಬದಲಿಸಿದ ಹೊಚ್ಚಹೊಸ ಆಯಿಲ್ ಇದ್ದರೆ ಯಾಕೆ ಬದಲಿಸಿದಿರಿ ಅಂತ ಕೇಳಿ. ಒಮ್ಮೆ ಮುಳುಗಿದ ಗಾಡಿಗೆ ಆಯಿಲ್ ಬದಲಿಸಿದರೆ ಸಾಕು ಅನ್ನುವವರಿದ್ದಾರೆ, ತಕ್ಷಣ ಎರಡು ಮೂರು ಸಲ ಬದಲಿಸಿ ಎಂಜಿನ್ ಓಡಿಸಿದ್ದರೆ ಸರಿ, ವಾರ ಬಿಟ್ಟು ಬದಲಿಸಿದ್ದರೆ ಬೇರಿಂಗ್ ಆಗಲೇ ತುಕ್ಕು ಹಿಡಿದಿರುತ್ತದೆ. ಎಂಜಿನ್ ಕೆಳಗಿನ ಬೋಲ್ಟ್‌ಗಳು, ವೈರಿಂಗ್ ಕನೆಕ್ಟರ್‌ಗಳು, ಅಲ್ಲಿ ಹಸಿರು ಬಿಳಿ ಪುಡಿ ಕಟ್ಟಿದೆಯಾ ನೋಡಲಿ. ಒಳಗೋಡೆಯಲ್ಲಿ ನೀರು ನಿಂತ ಗೆರೆ ಇದ್ದರೆ, ಎಷ್ಟು ಎತ್ತರಕ್ಕಿದೆ ನೋಡಿ.

ತಮ್ಮನಿಗೆ ಗೊತ್ತಿರದ ಅರ್ಧ ನೀರಿಗೆ ಸಂಬಂಧಿಸಿದ್ದು. ಮುಖ್ಯವಾಗಿ ತೊಳೆಯುವ ಕ್ರಮ. ಪೈಪ್ ಸಿಕ್ಕಿಸಿ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಕು, ಕೂಡಲೇ ನಲ್ಲಿ ಬಿಡಬೇಕು. ನಿಲ್ಲಿಸುವಾಗ ಮೊದಲು ನಲ್ಲಿ ಬಂದ್, ಒಂದೆರಡು ಸಲ ಆಕ್ಸಲರೇಟರ್ ಕೊಟ್ಟು ನೀರು ಹೊರಗೆ ಹಾಕಿ ಆಮೇಲೆ ಎಂಜಿನ್ ಬಂದ್. ಇದನ್ನು ಉಲ್ಟಾ ಮಾಡಿ ಎಂಜಿನ್ ನಿಂತಿರುವಾಗ ನೀರು ಬಿಟ್ಟರೆ ಅದು ಎಗ್ಸಾಸ್ಟ್ ದಾರಿಯಲ್ಲಿ ಸಿಲಿಂಡರ್‌ಗೆ ಹೋಗುತ್ತದೆ. ಚೆನ್ನಾಗಿ ತೊಳೆಯಬೇಕು ಅಂತ ಹೋಗಿ ಎಂಜಿನ್ ಕೆಡಿಸಿಕೊಂಡವರು ಕಡಿಮೆ ಇಲ್ಲ. ಕೆಟ್ಟು ನಿಂತ ಗಾಡಿಯನ್ನು ಬೋಟ್‌ಗೆ ಕಟ್ಟಿ ಜೋರಾಗಿ ಎಳೆದರೂ ಇದೇ ಗತಿ, ಪಂಪ್ ಬಾಯಿಗೆ ನುಗ್ಗಿದ ನೀರು ಕೂಲಿಂಗ್ ಪೈಪ್‌ನಲ್ಲಿ ಮೇಲೆ ಹತ್ತುತ್ತದೆ. ನಿಧಾನ ಎಳೆಯಿರಿ. ಇನ್ನು ಸ್ಟಾರ್ಟರ್, ಪೆಟ್ರೋಲ್ ಪಂಪ್‌ನಂತಹ ಭಾಗಗಳಿಗೆ ಬೈಕ್‌ದು, ಕಾರಿನದು ಹೊಂದಿಸುವ ಜಾಣತನ ಬೇಡ. ಹೊಟ್ಟೆ ಮುಚ್ಚಿದ ಗಾಡಿಯಲ್ಲಿ ಕಿಡಿ ಹೊರಬರದಂತೆ ಮಾಡಿದ ಮೆರೈನ್ ಭಾಗವೇ ಬೇಕು.

ಕಾಗದಪತ್ರದಲ್ಲಿ ಎಡವಿದರೆ ರಿಪೇರಿಯ ಮಾತೇ ಉಳಿಯುವುದಿಲ್ಲ. ಈ ಗಾಡಿಗಳು ಹೊರದೇಶದಿಂದ ಬಂದವು. ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ) ಪ್ರತಿ, ಮೊದಲ ಖರೀದಿಯ ಇನ್‌ವಾಯ್ಸ್, ಆಮೇಲಿನ ಮಾಲೀಕರ ಸರಣಿ, ಇಷ್ಟೂ ಕೇಳಿ. ಹಲ್‌ನ ಹಿಂಭಾಗದಲ್ಲಿ ಕೊರೆದಿರುವ ಹಲ್ ನಂಬರ್ ಮತ್ತು ಎಂಜಿನ್ ನಂಬರ್ ಕಾಗದದಲ್ಲಿರುವುದಕ್ಕೆ ತಾಳೆಯಾಗಬೇಕು. ಸುಂಕ ಕಟ್ಟದೆ ಬಂದ ಗಾಡಿಯಾದರೆ ನಾಳೆ ಜಪ್ತಿಯಾಗುವುದು ನಿಮ್ಮ ಅಂಗಳದಿಂದ. ಗೋವಾದಲ್ಲಿ ಇವನ್ನು ನೋಂದಾಯಿಸುವುದು ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ. ಅಲ್ಲಿ ನೋಂದಣಿ ಇದೆಯಾ, ಬಾಕಿ ಏನಾದರೂ ಇದೆಯಾ, ಹೆಸರು ಬದಲಾವಣೆಗೆ ಏನು ಬೇಕು ಅಂತ ನೀವೇ ವಿಚಾರಿಸಿ, ಮಾರುವವರ ಬಾಯಿಮಾತು ಸಾಲದು. ಹಳೆಯ 1917ರ ಕಾಯ್ದೆಯ ಜಾಗಕ್ಕೆ 2021ರಲ್ಲಿ ಬಂದ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆಯಲ್ಲಿ ಒಳನಾಡು ನೀರಿನಲ್ಲಿ ಓಡುವ ಎಂಜಿನ್ ವಾಹನಗಳಿಗೆ ಸರ್ವೆ, ನೋಂದಣಿ, ವಿಮೆ ಎಲ್ಲ ಇದೆ. ಇಲ್ಲಿಯದಕ್ಕೆ ಕಾರವಾರದ ಬಂದರು ಇಲಾಖೆ ಕಚೇರಿಗೆ ಹೋಗಿ ಬನ್ನಿ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನೀವು ಬರೆದಿಲ್ಲ, ಆದರೆ ಗೆಸ್ಟ್‌ಗಳಿಗೆ ಬಾಡಿಗೆಗೆ ಕೊಡುವ ಆಲೋಚನೆ ಇದೆ ಅಂತ ನನಗೆ ಅನಿಸುತ್ತಿದೆ. ಸ್ವಂತಕ್ಕೆ ಓಡಿಸುವುದಕ್ಕೂ ಬಾಡಿಗೆಗೂ ಆಕಾಶ ಭೂಮಿ ವ್ಯತ್ಯಾಸ. ಬಾಡಿಗೆಗೆ ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆಯ ಅನುಮತಿ, ತರಬೇತಿ ಪಡೆದ ಚಾಲಕ, ಜೀವರಕ್ಷಕ ವ್ಯವಸ್ಥೆ ಬೇಕು. ತರಬೇತಿಗೆ ಗೋವಾದಲ್ಲೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಅನುಮತಿ ಬಿಡಿ, ಆ ಗಾಡಿಯ ಸ್ವಭಾವವೇ ಬೇರೆ. ಆಕ್ಸಲರೇಟರ್ ಬಿಟ್ಟರೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಗಾಡಿ ಬೇಕಾದಷ್ಟು ತಿರುಗುವುದಿಲ್ಲ, ಯಾಕೆಂದರೆ ತಿರುಗಿಸುವುದೇ ಹಿಂದಿನಿಂದ ಬರುವ ನೀರು. ಹೊಸಬರು ಎದುರಿಗೆ ದೋಣಿ ಕಂಡು ಹೆದರಿ ಮೊದಲು ಮಾಡುವ ಕೆಲಸವೇ ಆಕ್ಸಲರೇಟರ್ ಬಿಡುವುದು. ನಾಡದೋಣಿ, ಕಟ್ಟಿದ ಬಲೆ, ಕಾಂಡ್ಲಾ ಕಾಡಿನ ಇಕ್ಕಟ್ಟು, ಇವೆಲ್ಲ ಇರುವ ನಿಮ್ಮ ಹೊಳೆಯಲ್ಲಿ ಬೆಂಗಳೂರಿನಿಂದ ಬಂದ ಗೆಸ್ಟ್ ಕೈಗೆ ಅದನ್ನು ಕೊಡುವುದು ನನಗಂತೂ ಬೇಡ ಅನಿಸುತ್ತದೆ. ಖರ್ಚೂ ನೋಡಿ, ಫುಲ್ ಆಕ್ಸಲರೇಟರ್‌ನಲ್ಲಿ ಇದು ಗಂಟೆಗೆ 30 ಲೀಟರ್ ದಾಟಿ ಪೆಟ್ರೋಲ್ ಕುಡಿಯುತ್ತದೆ.

ಪೆಟ್ರೋಲ್ ಅಂದಾಗ ನೆನಪಾಯಿತು. ಈ ಎಂಜಿನ್‌ಗೆ ಎಥನಾಲ್ ಶೇ. 10ರವರೆಗೆ ಮಾತ್ರ ಅಂತ ಕಂಪನಿಯ ಪುಸ್ತಕದಲ್ಲಿದೆ, ಈಗ ನಮ್ಮ ಬಂಕ್‌ಗಳಲ್ಲಿ ಸಿಗುವುದು ಶೇ. 20 ಬೆರೆಸಿದ್ದು. ಒಂದು ದಿನ ಹಾಕಿ ಓಡಿಸಿದರೆ ಎಂಜಿನ್ ಸಾಯುವುದಿಲ್ಲ. ಟ್ಯಾಂಕ್‌ನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕಷ್ಟ. ಎಥನಾಲ್ ಗಾಳಿಯ ತೇವ ಹೀರುತ್ತದೆ, ನೀರು ಜಾಸ್ತಿಯಾದಾಗ ಪೆಟ್ರೋಲ್‌ನಿಂದ ಬೇರೆಯಾಗಿ ತಳದಲ್ಲಿ ಕೂರುತ್ತದೆ, ಹಳೆ ರಬ್ಬರ್ ಪೈಪ್ ಮೆತ್ತಗಾಗುತ್ತದೆ. ನಮ್ಮ ಮಳೆಗಾಲದ ತೇವ ಗೊತ್ತಲ್ಲ. ಜೂನ್‌ಗೆ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಚೆನ್ನಾಗಿ ತೊಳೆದು, ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟು, ತುಕ್ಕು ತಡೆಯುವ ಸ್ಪ್ರೇ ಹೊಡೆದು, ಇಲಿ ಬಾರದ ಜಾಗದಲ್ಲಿ ನಿಲ್ಲಿಸಬೇಕು. ಈ ಗಾಡಿ ಸಾಕುವ ಖರ್ಚಿನಲ್ಲಿ ಇದೂ ಸೇರಿದೆ.

ಹಾಗಾದರೆ ಏನು ಮಾಡಬಹುದು. ಅವರು ಹೇಳಿದಂತೆ ಬೋಟೂ 60 ಸಾವಿರವೂ ಕೊಟ್ಟು ತರುವುದು ಮೊದಲ ದಾರಿ. ಇದರಲ್ಲಿ ಪಂಪ್, ಎಂಜಿನ್, ಕಾಗದ, ಮೂರರ ಅಪಾಯವೂ ನಿಮ್ಮ ತಲೆ ಮೇಲೆ, ಜೊತೆಗೆ ಬರುವ ಸೀಸನ್‌ಗೆ ಗೆಸ್ಟ್‌ಗಳಿಗೆ ಬೋಟ್ ಇಲ್ಲ. ಬೇಡ. ಎಕ್ಸ್‌ಚೇಂಜ್ ಮಾಡಲೇಬೇಕು ಅಂತಿದ್ದರೆ ಷರತ್ತು ಹಾಕಿ. ಪಂಪ್ ರಿಪೇರಿ ಅವರೇ ಮಾಡಿಸಲಿ, "ಸಣ್ಣ ಕೆಲಸ" ಅಂದವರಿಗೆ ಅದು ಕಷ್ಟವಾಗಬಾರದು. ಆಮೇಲೆ ನೀರಿನಲ್ಲಿ ಇಪ್ಪತ್ತು ನಿಮಿಷ ನೀವು ಓಡಿಸಿ, ಬಿಸಿಯ ಅಲಾರಂ ಬರುತ್ತದಾ ನೋಡಿ, ದಡಕ್ಕೆ ಬಂದು ಸೀಟ್ ಎತ್ತಿ ಒಳಗೆ ನೀರು ಸೇರಿದೆಯಾ ನೋಡಿ, ಆಮೇಲೆ ಮಾತು. ಆ 60 ಸಾವಿರ ಆಗಲೂ ಕೊಡಬೇಕಾ ಅನ್ನುವುದನ್ನು ನಿಮ್ಮ ಕಾಗದದ ಲೆಕ್ಕ ಹೇಳುತ್ತದೆ. ಸುಮಾರು ಗಾಡಿಗಳಲ್ಲಿ ಮಾತು ಮುರಿದು ಬೀಳುವುದು "ನೀವೇ ರಿಪೇರಿ ಮಾಡಿಸಿ ಕೊಡಿ" ಅನ್ನುವಲ್ಲಿಯೇ, ಮುರಿದು ಬಿದ್ದರೆ ಅದೇ ಒಂದು ಉತ್ತರ.

ನನ್ನನ್ನು ಕೇಳಿದರೆ ಬೋಟ್ ಇಟ್ಟುಕೊಳ್ಳಿ. ಜೆಟ್ ಸ್ಕೀ ಆಸೆ ಇದ್ದರೆ, ಆಸೆ ತಪ್ಪಲ್ಲ, ನನಗೂ ಇಷ್ಟವೇ, ಅದನ್ನು ಬೇರೆಯಾಗಿ ಕ್ಯಾಶ್‌ಗೆ ತಗೊಳ್ಳಿ, ಸೀ-ಡೂ ಬೇಡ ಅನ್ನಿ. ಕಂಪ್ರೆಷನ್ ಸರಿ ಇದ್ದು ಕಾಗದ ಸರಿ ಇದ್ದರೆ ಪಂಪ್ ಕೆಟ್ಟಿರುವುದು ನಿಮಗೆ ಲಾಭವೇ, ಬೆಲೆ ಇಳಿಸಲು ಅದೇ ದೊಡ್ಡ ಕಾರಣ. ಅವಸರ ಬೇಡ. ಮಳೆಗಾಲದಲ್ಲಿ ಬೀಚ್‌ಗಳಲ್ಲಿ ಜಲಕ್ರೀಡೆ ನಿಲ್ಲುತ್ತದೆ. ಮೇ ಕೊನೆಗೆ ಸೀಸನ್ ಮುಗಿಯುವಾಗ ಗಾಡಿ ಇಡಲು ಜಾಗ ಇಲ್ಲದವರು, ಸೆಪ್ಟೆಂಬರ್‌ವರೆಗೆ ದುಡ್ಡು ಸಿಕ್ಕಿಹಾಕಿಕೊಳ್ಳುವುದು ಬೇಡ ಅನ್ನುವವರು ಬೆಲೆ ಇಳಿಸುತ್ತಾರೆ. ಆಗ ಕೊಳ್ಳುವುದಾದರೆ ಸಮುದ್ರ ಕೆಡುವ ಮುಂಚೆ, ಮೇ ಮೂರನೇ ವಾರದೊಳಗೆ ನೀರಿಗಿಳಿಸಿ ನೋಡಿಬಿಡಿ.